ಈಜುಕೊಳದ ಗಂಗೆಪೂಜೆ

"ಆ ಕೊಳದ ನೀರನ್ನ ಮಾತ್ರ ಮನೆ ಒಳಗೆ ತರಬೇಡಮ್ಮ," ಎಂದು ಪಕ್ಕದ ಮನೆಯ ಸೀತಾಲಕ್ಷ್ಮಮ್ಮ ಹೇಳಿದಾಗ ಅಂಜನಾ ನಕ್ಕುಬಿಟ್ಟಳು. ಗೃಹಪ್ರವೇಶದ ಹಿಂದಿನ ದಿನ ಅದು. ಜೆ.ಪಿ. ನಗರದಲ್ಲಿ ಈಜುಕೊಳವಿರುವ ಮನೆ ಸಿಕ್ಕಿದೆ, ನೆರೆಯವರಿಗೆ ಹೊಟ್ಟೆಯುರಿ ಸಹಜ ಎಂದುಕೊಂಡಳು.

"ಬಾಟ್ಲಿಲಿ ತುಂಬಿಸಿ ನಿಮಗೂ ಒಂದಿಷ್ಟು ಕಳಿಸ್ಲಾ ಆಂಟಿ?"

"ನಗೋ ವಯಸ್ಸು, ನಗು," ಎಂದರು ಸೀತಾಲಕ್ಷ್ಮಮ್ಮ. ಅವರು ನಗಲಿಲ್ಲ.

ಕಾಂಪೌಂಡಿಗೆ ಒರಗಿ, ದನಿ ತಗ್ಗಿಸಿ, ಅವರು ಹೇಳಿದ್ದು ಇಷ್ಟು. ಹಿಂದಿನ ಮಾಲೀಕರ ಮನೆಯಲ್ಲಿ ಅಡುಗೆಗಿದ್ದ ಮುನಿಲಕ್ಷ್ಮಮ್ಮನ ಮಗಳು ಆ ಕೊಳದಲ್ಲೇ ಸತ್ತಳು. ತಳದ ಜಾಲರಿ ಒಡೆದಿತ್ತು. ಮೋಟಾರಿನ ಸೆಳೆತಕ್ಕೆ ಹುಡುಗಿಯ ಜಡೆ ಪೈಪಿನೊಳಕ್ಕೆ ಹೋಗಿ ಸಿಕ್ಕಿಕೊಂಡಿತು. ಜಡೆ ಕತ್ತರಿಸಿಯೇ ಹೆಣ ಎತ್ತಬೇಕಾಯಿತು. ಹೊರಗೆ ಮಳೆ. ನಿಲ್ಲುವ ತನಕ ಒಳಗೆ ಮಲಗಿಸುತ್ತೇನೆ ಎಂದು ತಾಯಿ ಕೈಮುಗಿದಳು. ಮಾಲೀಕರು ಬಾಗಿಲು ಹಾಕಿಕೊಂಡರು. ಮುಂದಿನ ಅಮಾವಾಸ್ಯೆಗೆ ಮುನಿಲಕ್ಷ್ಮಮ್ಮ ಮಂತ್ರಿಸಿದ ಗಂಟೊಂದನ್ನು ತಂದಳು. ಒಳಗೆ ಮಗಳ ಜಡೆಯಿತ್ತು. ಅದನ್ನು ಕೊಳಕ್ಕೆ ಎಸೆದು, ಸತ್ತ ಮಗಳಿಗೆ ಹೀಗೆಂದು ಕಟ್ಟು ಹಾಕಿ ಹೋದಳು. ಈ ಮನೆಯ ಒಡತಿ ತಾನಾಗಿ 'ಬಾ' ಅಂತ ಕರೆಯುವ ತನಕ ನೀರಲ್ಲೇ ಇರು. ಕರೆದ ಮೇಲೆ ಮನೆ ನಿಂದು, ಮಡಿಲು ನಿಂದು.

ಜಾಲರಿ ಒಡೆದದ್ದು ಅಂಜನಾಳಿಗೆ ಗೊತ್ತಿತ್ತು. ಕೊಳ್ಳುವ ಮೊದಲು ನೋಡಲು ಬಂದ ಇಂಜಿನಿಯರು, ಈ ಕೊಳ ಸುರಕ್ಷತೆಯ ಯಾವ ನಿಯಮಕ್ಕೂ ಹೊಂದುವುದಿಲ್ಲ ಎಂದಿದ್ದ. ಬೇಲಿಯಿಲ್ಲ, ಆಳದ ಗುರುತಿಲ್ಲ, ಮೋಟಾರು ಓಡುವಾಗ ಯಾರೂ ಇಳಿಯಕೂಡದು. ಅವಳ ಗಂಡ ಶಶಿಕಾಂತ್ ಅದನ್ನೇ ಹಿಡಿದು ಬೆಲೆ ಇಳಿಸಿದ. ಇಳಿಸಿಕೊಂಡ ಮೇಲೆ ರಿಪೇರಿಯ ಮಾತೆತ್ತಲಿಲ್ಲ. ಬೇಲಿ ಹಾಕಿದರೆ ಅಂದ ಕೆಡುತ್ತದೆ ಎಂದ. ಅವಳೂ ಹೂಂಗುಟ್ಟಿದಳು. ಅಪಾಯ ಚೌಕಾಶಿಗೆ ಒದಗಿತ್ತು. ಅವರಿಗೆ ಬೇಕಾಗಿದ್ದೂ ಅಷ್ಟೇ.

ಮರುದಿನ ನಸುಕಿನಲ್ಲಿ ಗಂಗೆಪೂಜೆಗೆ ಎಲ್ಲರೂ ನಲ್ಲಿಯ ಬಳಿ ಹೊರಟರೆ, ಅಂಜನಾ ತಂಬಿಗೆ ಹಿಡಿದು ಕೊಳದತ್ತ ನಡೆದಳು. ಮನೆಯಲ್ಲೇ ಇಷ್ಟು ನೀರಿರುವಾಗ ನಲ್ಲಿಯ ಹಂಗೇಕೆ. ಶಶಿಕಾಂತನಿಗೂ ಖುಷಿ, ಫೋಟೋ ಚೆನ್ನಾಗಿ ಬರುತ್ತದೆ. ಬೆಳಕು ಹರಿದಿರಲಿಲ್ಲ. ನೀರು ಮಸಿಯಂತೆ ಕಪ್ಪಗೆ, ಅಲುಗದೆ ಬಿದ್ದಿತ್ತು. ಅಂಚಿಗೆ ಅರಿಶಿನ ಕುಂಕುಮ ಹಚ್ಚಿ ಬಗ್ಗಿದಾಗ ಕ್ಲೋರಿನ್ನಿನ ಘಾಟಿನಡಿ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಒದ್ದೆ ತಲೆಯದು, ಕಮಟು ಕೊಬ್ಬರಿಯೆಣ್ಣೆಯದು. ಪಕ್ಕದ ಮನೆಯ ಕಿಟಕಿಯಲ್ಲಿ ದೀಪ ಹೊತ್ತಿತು. ಆ ಕಿಟಕಿಗೆ ಕೇಳಲೆಂದೇ ಅಂಜನಾ ದನಿ ಎತ್ತಿದಳು.

"ಬಾರಮ್ಮ, ಒಳಗೆ ಬಾ."

ತಂಬಿಗೆ ತಟ್ಟನೆ ಭಾರವಾಯಿತು. ಸೊಂಟದ ಮೇಲೆ ಮಗು ಕೂತಷ್ಟು.

ಆಮೇಲೆ ದೇವರ ಮನೆಯಲ್ಲಿಟ್ಟ ಆ ನೀರು ಇಂಗಲಿಲ್ಲ. ಬಚ್ಚಲಿನ ತೂಬು ಯಾರೋ ಉಸಿರೆಳೆದುಕೊಂಡಂತೆ ಸದ್ದು ಮಾಡತೊಡಗಿತು. ತೂಬಿನಿಂದ ಕೂದಲು ಬಂತು. ಉದ್ದನೆಯ, ಎಣ್ಣೆ ಮೆತ್ತಿದ ಕೂದಲು. ಆ ಮನೆಯಲ್ಲಿ ಯಾರಿಗೂ ಅಷ್ಟುದ್ದ ಕೂದಲಿರಲಿಲ್ಲ. ಏಳು ವರ್ಷದ ಮಗಳು ಸುರಭಿಯದಂತೂ ಕತ್ತಿನವರೆಗಿನ ಕಟಿಂಗ್. ಪ್ಲಂಬರ್ ಕರೆಸೋಣ ಎಂದ ಶಶಿಕಾಂತ್. ಪ್ಲಂಬರ್ ಬಂದು ತೂಬಿಗೆ ಕಿವಿಯಿಟ್ಟ. ಸಾಮಾನು ಬಿಟ್ಟು ಹೋದವನು ಅದನ್ನು ಕೇಳಲೂ ಬರಲಿಲ್ಲ.

ಒಂದು ಸಂಜೆ ತಿಂಡಿಯ ತಟ್ಟೆಯಿಂದ ತಲೆ ಎತ್ತದೆ ಸುರಭಿ ಹೇಳಿದಳು. "ಅಮ್ಮ, ಬಚ್ಚಲಲ್ಲಿ ಅಕ್ಕ ಇದಾಳೆ. ನಾನು ಅವಳ ಜಾಗಕ್ಕೆ ಹೋದ್ರೆ, ಅವಳು ನಿನ್ನ ಪಕ್ಕ ಮಲ್ಕೊಳ್ತಾಳಂತೆ."

ಅಂಜನಾ ಬರಿಗಾಲಲ್ಲೇ ಪಕ್ಕದ ಮನೆಗೆ ಓಡಿದಳು. ಸೀತಾಲಕ್ಷ್ಮಮ್ಮ ಬೈಯಲಿಲ್ಲ, ಅಂದೇ ಹೇಳಿದ್ದೆ ಎಂದು ಆಡಿಕೊಳ್ಳಲೂ ಇಲ್ಲ.

"ಕರೆದ ಬಾಯೇ ಕಳಿಸ್ಬೇಕು. ತಂಬಿಗೆ ನೀರು ವಾಪಸ್ ಸುರಿದು 'ಹೋಗು' ಅನ್ನು. ಅಷ್ಟೇ. ಮೇಲೆ ಇನ್ನೊಂದಕ್ಷರ ಸೇರಿಸ್ಬೇಡ."

ಮನೆಗೆ ಬರುವಷ್ಟರಲ್ಲಿ ಬೀದಿಯ ಕರೆಂಟು ಹೋಗಿತ್ತು. ಮುಸ್ಸಂಜೆಯ ಮಬ್ಬಿನಲ್ಲಿ ಸುರಭಿ ಕೊಳದಂಚಿನಲ್ಲಿ ನಿಂತಿದ್ದಳು, ಕಾಲ್ಬೆರಳು ನೀರಿಗೆ ತಾಗುವ ಹಾಗೆ. ಅವಳ ಹಿಂದೆ ಮೊಬೈಲಿನ ಬೆಳಕು ಹಿಡಿದ ಶಶಿಕಾಂತ್. ಬಾ ಮರಿ, ಬಾ ಮರಿ ಎನ್ನುತ್ತಿದ್ದ. ಅಂಜನಾ ದೇವರ ಮನೆಯಿಂದ ತಂಬಿಗೆ ತಂದು ಬಗ್ಗಿಸಿದಳು. ನೀರು ನೀರಿಗೆ ಬಿತ್ತು. ಸದ್ದಾಗಲಿಲ್ಲ.

ಹೊರಟವರಿಗೆ 'ಹೋಗು' ಅನ್ನಬಾರದು. ಹಾಲಿನವನಿಗೂ ಅನ್ನಬಾರದು. ಅಮ್ಮ ತುಟಿಗೆ ಹೊಡೆದು ಕಲಿಸಿದ್ದು. ಮೂವತ್ತು ವರ್ಷ ಅದೇ ಜಾಡಿನಲ್ಲಿ ಹೊರಳಿದ ನಾಲಿಗೆ ಅವಳಿಗಿಂತ ಮೊದಲು ಹೊರಳಿತು.

"ಹೋಗಿ ಬಾ ತಾಯಿ."

ನಾಲಿಗೆ ಕಚ್ಚಿಕೊಂಡಳು. ರಕ್ತದ ರುಚಿ.

ಕರೆಂಟು ಬಂತು. ದೀಪಗಳೆಲ್ಲ ಒಟ್ಟಿಗೆ ಹೊತ್ತಿದವು. ನಿಲ್ಲಿಸಿಯೇ ಇದ್ದ ಕೊಳದ ಮೋಟಾರು ಗುರ್ ಎಂದಿತು. ಸುರಭಿ ಜಾರಿದಳು. ಕೂಗಲಿಲ್ಲ. ಶಶಿಕಾಂತ್ ಹಾರಿದ. ಒಂದು ತಲೆ ಎದ್ದಿತು. ಮಗುವಿನದು. ಕೆಳಗಿನಿಂದ ಅವನ ಕೈ ಅವಳನ್ನು ಅಂಚಿಗೆ ನೂಕಿತು. ಕೈ ಮತ್ತೆ ಕಾಣಲಿಲ್ಲ. ಅಂಜನಾ ಮಗುವನ್ನು ಎಳೆದು ಹಾಕಿ ಓಡಿದಳು. ಮೋಟಾರಿನ ಕೋಣೆ. ಸ್ವಿಚ್ಚು ಒತ್ತಿದಳು. ನಿಲ್ಲಲಿಲ್ಲ. ಮೇನ್ ಕಿತ್ತಳು. ಕತ್ತಲು. ಆಗಲೂ ಮೋಟಾರು ಓಡುತ್ತಲೇ ಇತ್ತು. ಓಡಿ, ಓಡಿ, ತನಗೆ ಸಾಕಾದಾಗ ನಿಂತಿತು.

ಒಡೆದ ಜಾಲರಿಯಲ್ಲಿ ಮೊಣಕೈವರೆಗೆ ಶಶಿಕಾಂತನ ತೋಳು ಸಿಕ್ಕಿಕೊಂಡಿತ್ತು ಎಂದರು ಪೊಲೀಸರು. ಗೊತ್ತಿದ್ದೂ ಯಾಕೆ ರಿಪೇರಿ ಮಾಡಿಸಲಿಲ್ಲ ಎಂದು ಕೇಳಿದರು.

ಕರ್ಮ ಮುಗಿದ ಸಂಜೆ ನೆಂಟರು ಒಬ್ಬೊಬ್ಬರಾಗಿ ಎದ್ದು ಹೋದರು. ಸಾವಿನ ಮನೆಯಲ್ಲಿ 'ಬರ್ತೀನಿ' ಅನ್ನುವ ಹಾಗಿಲ್ಲ, ಯಾರೂ ಏನೂ ಅನ್ನಲಿಲ್ಲ. ಕೊನೆಗೆ ಉಳಿದ ಸೀತಾಲಕ್ಷ್ಮಮ್ಮ ಸುರಭಿಯನ್ನು ಬಹಳ ಹೊತ್ತು ನೋಡಿದರು.

"ಕಳಿಸೋ ಮಾತು ಈಗಲೂ ಹೇಳ್ಬಹುದು," ಎಂದರು ಬಾಗಿಲಲ್ಲಿ ನಿಂತು. "ಆದರೆ ಇವಳ ಮುಖ ನೋಡಿ ಹೇಳ್ಬೇಕು. ಯಾರು ಹೋಗ್ತಾರೆ, ಯಾರು ಉಳೀತಾರೆ, ಅದು ನಂಗೊತ್ತಿಲ್ಲಮ್ಮ."

ಮನೆ ಖಾಲಿಯಾಯಿತು. ಬಚ್ಚಲಿನ ಬಾಗಿಲು ತೆರೆಯಿತು. ಹುಡುಗಿ ನೀರು ಸುರಿಸುತ್ತ ಬಂದು ಅಂಜನಾಳ ಎದುರು ನಿಂತಳು. ಕತ್ತಿನವರೆಗಿದ್ದ ಕೂದಲು ಬೆನ್ನು ದಾಟಿತ್ತು. ಕಮಟು ಎಣ್ಣೆಯ ವಾಸನೆ.

"ಅಮ್ಮ, ಬಂದೆ."

ಕಣ್ಣು ಸುರಭಿಯವೇ. ಎಡಹುಬ್ಬಿನ ಮೇಲಿನ ಮಚ್ಚೆ ಸುರಭಿಯದೇ. ದನಿ ಮಾತ್ರ ಅಲ್ಲ.

ಹೇಳಬೇಕಾದದ್ದು ಎರಡೇ ಅಕ್ಷರ. ಮೊದಲನೆಯದು ಗಂಟಲಿಗೆ ಬಂತು. ಅಂಜನಾ ಆ ಹುಬ್ಬನ್ನು ನೋಡುತ್ತ ಕುಳಿತಳು. ಹುಡುಗಿ ಚಳಿಗೆ ನಡುಗುತ್ತ ಕಾಯುತ್ತಿದ್ದಳು.

"ಬಾ," ಎಂದಳು ಅಂಜನಾ, ಸೆರಗು ಹಿಡಿದು. "ತಲೆ ಒರೆಸ್ತೀನಿ."