ಗಂಜಿ ಹಾಕಿದ ಹೃದಯ

"ನೀವು ಬಿಸಾಡೋದನ್ನ ನನಗೆ ಕೊಡ್ತೀರಾ?"

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತು ಅವನು ಕೇಳಿದ ಮೊದಲ ಮಾತೇ ಅದು. ಅವಳು ಕೈ ತೊಳೆಯುತ್ತಿದ್ದಳು. ಬೆಳಗಿನಿಂದ ನಿಂತು ನಿಂತು ಸೊಂಟ ಹಿಡಿದಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು, ಕೋಪ ಎಂದಿನಂತೆ ಮೂಗಿನ ತುದಿಯಲ್ಲೇ ಕೂತಿತ್ತು.

"ಯಾಕೆ, ಕಸದ ಗಾಡಿ ಇವತ್ತು ಬಂದಿಲ್ವಾ?"

ಹಿಂದೆ ನಿಂತಿದ್ದ ಸಿಸ್ಟರ್ ಮಾಸ್ಕಿನೊಳಗೇ ನಕ್ಕಳು. ಅವನಿಗೆ ನಾಚಿಕೆಯಾಗಲಿಲ್ಲ. ತಾನು ಹೃದಯದ ಡಾಕ್ಟರು, ಮೇಲಿನ ಮಹಡಿಯಲ್ಲಿ ಸಂಶೋಧನೆ ಮಾಡುತ್ತಿದ್ದೇನೆ ಎಂದ. ಅವಳು ಮಣಿಕಟ್ಟು ಕೊಯ್ದು, ಒತ್ತಿಹೋದ ನರವನ್ನು ಬಿಡಿಸುವಾಗ ತೆಗೆದು ಬಿಸಾಡುವ ಅಂಗಾಂಶದ ಚೂರು ಅವನಿಗೆ ಬೇಕಿತ್ತು. ಕೆಲವರಲ್ಲಿ ಲಿವರ್ ತಯಾರಿಸುವ ಒಂದು ಪ್ರೋಟೀನು ದಾರಿ ತಪ್ಪುತ್ತದೆ; ಮೊದಲು ಮಣಿಕಟ್ಟಿನಲ್ಲಿ ಹೋಗಿ ಕೂರುತ್ತದೆ, ವರ್ಷಗಳಾದ ಮೇಲೆ ಹೃದಯದಲ್ಲಿ. ಅಮಿಲಾಯ್ಡ್ ಅನ್ನುತ್ತಾರೆ ಅದಕ್ಕೆ. ಹೃದಯ ಸೋತ ಮೇಲೆ ಹಿಡಿದರೆ ತಡವಾಯಿತು. ಕೈಯಲ್ಲಿದ್ದಾಗಲೇ ಹಿಡಿದರೆ ಮನುಷ್ಯ ಉಳಿದಾನು.

"ಅಂದ್ರೆ ಕೈಗೆ ಅಂತ ಬಂದವರ ಎದೆಗೂ ಕೈ ಹಾಕ್ತೀರಿ."

"ಅವರು ಒಪ್ಪಿದ್ರೆ ಮಾತ್ರ, ಮೇಡಂ."

"ಮೊದಲು ನಾನು ಒಪ್ಪಬೇಕಲ್ಲ."

"ನೀವು ಒಪ್ಪೋವರೆಗೂ ದಿನಾ ಬರ್ತೀನಿ."

ಬಂದೇ ಬಂದ. ಸಾಲಗಾರ ಬಂದ ಹಾಗೆ ಬಂದ. ಈ ಪೀಡೆ ತೊಲಗಲಿ ಅಂತ ಅವಳು ಒಪ್ಪಿದಳು. ಒಪ್ಪಿದ ಮೇಲೆ ಪೀಡೆ ಹೆಚ್ಚಾಯಿತು. ಮೊದಲು ಚೂರಿನ ಬಾಟಲಿಗೆ ಬರುತ್ತಿದ್ದವನು ಆಮೇಲೆ ಬಾಟಲಿಗೂ ಟೀಗೂ ಬರತೊಡಗಿದ. ಇಡೀ ಆಸ್ಪತ್ರೆ ಅವನಿಗೆ 'ಚೂರು ಡಾಕ್ಟರು' ಅಂತ ಹೆಸರಿಟ್ಟಿತು. ಅವಳು ಮೊದಲಿನಿಂದಲೂ 'ಕೈ ಡಾಕ್ಟರು'.

ಅವನು ನಗುವಾಗ ಮೊದಲು ಕಣ್ಣು ನಗುತ್ತಿತ್ತು. ಬಾಯಿ ಅಪ್ಪಣೆ ಕೇಳಿಕೊಂಡು ಆಮೇಲೆ ನಗುತ್ತಿತ್ತು. ಅವಳು ಬೈಯಲು ಶುರುಮಾಡಿದರೆ ಲೋಟ ಕೆಳಗಿಟ್ಟು, ಹಾಡು ಕೇಳುವವನ ಹಾಗೆ ಕೂರುತ್ತಿದ್ದ. ಅದಕ್ಕೂ ಬೈದಳು. ಅದನ್ನೂ ಕೇಳಿದ.

ಹೀಗೆ ಬೈಯುತ್ತಾ ಬೈಯುತ್ತಾ ಅವಳು ತನಗೇ ತಿಳಿಯದಂತೆ ಮನೆಯ ಮಾತೆಲ್ಲ ಹೇಳಿಬಿಟ್ಟಳು. ಅಪ್ಪ ಟೈಲರು, ದೊಡ್ಡ ಅಂಗಡಿಯೊಂದರ ಕಟಿಂಗ್ ಮಾಸ್ಟರು. ಕತ್ತರಿ ಹಿಡಿದೂ ಹಿಡಿದೂ ಎರಡೂ ಕೈಯ ನರ ಒತ್ತಿಹೋಗಿ, ಎರಡಕ್ಕೂ ಆಪರೇಷನ್ ಆಗಿತ್ತು. ಆಗ ಅವಳು ಇನ್ನೂ ಓದುತ್ತಿದ್ದಳು. ಅಪ್ಪನ ಬೆರಳು ಮತ್ತೆ ಗುಂಡಿ ಹಿಡಿದದ್ದನ್ನು ಕಂಡ ದಿನವೇ ತಾನು ಕೈ ಡಾಕ್ಟರಾಗಬೇಕು ಅಂದುಕೊಂಡಳು.

"ಎರಡೂ ಕೈಗಾ?" ಅಂದ ಅವನು.

"ಎರಡೂ. ನಮ್ಮ ತಾತನಿಗೂ ಹಂಗೇ ಇತ್ತಂತೆ. ಅವರದ್ದೂ ಅದೇ ಕತ್ತರಿ. ಕೊನೆಗೆ ಏದುಸಿರು ಬಿಡ್ತಾ ಬಿಡ್ತಾ ಹೋಗಿಬಿಟ್ರು."

ಆ ದಿನ ಅವನು ಟೀ ಪೂರ್ತಿ ಕುಡಿಯಲಿಲ್ಲ. ತನ್ನ ಮಾತಿಗೆ ಕರಗಿದ ಅಂತ ಅವಳು ತಿಳಿದಳು.

ಮರುದಿನ ಸಂಜೆ ಕ್ಯಾಂಟೀನಿನಲ್ಲಿ ಜನ ಕಡಿಮೆ ಇದ್ದರು. ಕಿಟಕಿಯ ಬಿಸಿಲು ಮೇಜಿನ ಮೇಲೆ ಓರೆಯಾಗಿ ಬಿದ್ದಿತ್ತು. ಅವನು ಕೈ ಚಾಚಿ ಅವಳ ಬಲಗೈ ಹಿಡಿದುಕೊಂಡ.

ದಿನಾ ಎಷ್ಟೋ ಜನರ ಕೈ ಹಿಡಿಯುವವಳು ಅವಳು. ಅವಳ ಕೈಯನ್ನು ಹೀಗೆ ಯಾರೂ ಹಿಡಿದಿರಲಿಲ್ಲ. ಅಂಗೈಯನ್ನು ಮೆಲ್ಲಗೆ ಮೇಲ್ಮುಖ ಮಾಡಿದ. ಹೆಬ್ಬೆರಳಿನಿಂದ ಮಣಿಕಟ್ಟು ಸವರಿದ. ಅವಳಿಗೆ ರೆಪ್ಪೆ ಭಾರವಾಯಿತು, ಕಣ್ಣು ಮುಚ್ಚಿಕೊಂಡಳು.

ಟಕ್, ಟಕ್.

ಮಣಿಕಟ್ಟಿನ ನಟ್ಟನಡುವೆ, ನರದ ಮೇಲೆ, ಬೆರಳ ತುದಿಯಿಂದ ಎರಡು ಪೆಟ್ಟು.

"ಬೆರಳಿಗೆ ಜುಮ್ ಅಂತಾ?"

ಅವಳು ಕಣ್ಣು ತೆರೆದಳು. ದಿನ ಬೆಳಗಾದರೆ ಪೇಷಂಟುಗಳಿಗೆ ಅವಳೇ ಮಾಡುವ ಪರೀಕ್ಷೆ ಅದು. ನರ ಒತ್ತಿದೆಯೋ ಇಲ್ಲವೋ ಅಂತ ತಟ್ಟಿ ನೋಡುವುದು.

"ನನ್ನ ಕೈ ಹಿಡಿದಿದ್ದು ಇದಕ್ಕಾ?"

"ಅಲ್ಲ... ಅಂದ್ರೆ ಹೌದು... ಎರಡಕ್ಕೂ."

"ಎರಡಕ್ಕೂ! ಒಂದೇ ಟಿಕೆಟ್ಟಲ್ಲಿ ಎರಡು ಸಿನಿಮಾ ನೋಡೋಕೆ ಹೊರಟಿದ್ದೀರಾ?"

"ಮೇಡಂ, ನಿನ್ನೆ ಆಪರೇಷನ್ ಮುಗಿಸಿ ನೀವು ಬೆರಳು ಕೊಡವಿದ್ರಿ..."

"ಬಿಗಿ ಗ್ಲೌಸ್ ತೆಗೆದ್ರೆ ನಾಯಿನೂ ಕಾಲು ಕೊಡವುತ್ತೆ!"

"ನಿಮ್ಮ ತಂದೆಗೆ ಎರಡೂ ಕೈ. ತಾತನಿಗೂ ಕೈ, ಆಮೇಲೆ ಉಸಿರು. ನನಗೆ ಭಯ ಆಗ್ತಿದೆ. ಒಂದ್ಸಲ ನಿಮ್ಮ ತಂದೇನ ಕರ್ಕೊಂಡು ಬನ್ನಿ."

ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಅಂದ್ರೆ ಇಷ್ಟು ದಿನ ನಾನು ನಮ್ಮನೆ ಮಾತಾಡ್ತಿದ್ದೆ, ನೀವು ಕೇಸ್ ಬರ್ಕೋತಿದ್ರಿ. ಅಲ್ವಾ? ನಾಳೆಯಿಂದ ನಿಮ್ಮ ಬಾಟಲಿ ಸಿಸ್ಟರ್ ಹತ್ರ ಇಸ್ಕೊಳ್ಳಿ. ಈ ಮುಖ ನನಗೆ ತೋರಿಸಬೇಡಿ."

ವೆರಾಂಡದ ಉದ್ದಕ್ಕೂ ಅವಳ ಚಪ್ಪಲಿಯ ಸದ್ದೇ ಸದ್ದು. ಅವಳಿಗೆ ಉರಿದದ್ದು ಅವನ ಬೆರಳಿನ ಪೆಟ್ಟಿಗೆ ಮಾತ್ರವಲ್ಲ. ಊರಿನವರ ಕೈಯನ್ನೆಲ್ಲ ನೋಡುವವಳು, ಅಪ್ಪನ ಎರಡು ಕೈಯ ವಿಷಯ ಬಂದಾಗ ಕತ್ತರಿಯ ಮೇಲೆ ಹೊರಿಸಿ ಸುಮ್ಮನಾಗಿದ್ದಳು. ದೀಪದ ಬುಡದಲ್ಲೇ ಕತ್ತಲು. ಆ ಕತ್ತಲನ್ನು ಬೇರೆಯವರು ತೋರಿಸಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಅದೂ ಕಣ್ಣು ಮುಚ್ಚಿ ಕೂತಿದ್ದಾಗ!

ಮನೆಯಲ್ಲಿ ಊಟಕ್ಕೆ ಕೂತರೆ ಚೂರು ಡಾಕ್ಟರಿಗೆ ಬೈಗುಳವೇ ವ್ಯಂಜನ. ಅವನ ನಗುವಿಗೆ ಬೈದಳು, ನಡಿಗೆಗೆ ಬೈದಳು, ಎಡಗಡೆಗೆ ಬಾಚುವ ಕ್ರಾಪಿಗೆ ಬೈದಳು. ಅಪ್ಪ ತಲೆ ಬಗ್ಗಿಸಿಕೊಂಡು ಉಣ್ಣುತ್ತಿದ್ದರು. ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಕೂತುಬಿಡುತ್ತಿದ್ದರು. ಯಾಕಪ್ಪಾ ಅಂದರೆ "ಚಪ್ಪಲಿ ಸರಿ ಮಾಡ್ಕೋತಿದ್ದೆ" ಅನ್ನುತ್ತಿದ್ದರು. ಬಿಪಿ ಮಾತ್ರೆ ತಗೊಂಡರೆ ತಲೆ ಸುತ್ತುತ್ತೆ ಅನ್ನುತ್ತಿದ್ದರು. ವಯಸ್ಸಾಯ್ತು ಅಂತ ಅವಳೂ ಅನ್ನುತ್ತಿದ್ದಳು. ಆಸ್ಪತ್ರೆಗೆ ಕರೆದೊಯ್ದು ಹೃದಯ ತೋರಿಸೋಣ ಅನ್ನುವುದು ನಾಲಿಗೆ ತುದಿಗೆ ಬರುತ್ತಿತ್ತು. ತೋರಿಸಬೇಕಾದವನು ಯಾರು ಅಂತ ನೆನಪಾಗಿ ಒಳಗೇ ಹೋಗುತ್ತಿತ್ತು.

ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಅಪ್ಪನೇ ಬಾಯಿಬಿಟ್ಟರು.

"ಪುಟ್ಟಿ, ನಿನ್ನ ಡಾಕ್ಟರಪ್ಪನ್ನ ನೋಡಿ ಬಂದೆ."

"ಯಾವ ಡಾಕ್ಟರಪ್ಪ?"

"ದಿನಾ ಬೈತೀಯಲ್ಲ, ಅವನು. ನನ್ನ ಮಗಳ ಕೈಲಿ ಇಷ್ಟೊಂದು ಬೈಸ್ಕೊಳ್ಳೋ ಗಂಡಸು ಹೆಂಗಿದಾನೆ ನೋಡೋಣ ಅಂತ ಹೋದೆ. ಅಳತೆ ಚೆನ್ನಾಗಿದೆ. ಭುಜ ಮಾತ್ರ ಸ್ವಲ್ಪ ಜಾರು."

"ಅಪ್ಪಾ!"

"ಹೋದವನು ಹಂಗೇ ನನ್ನ ಕೈನೂ ತೋರಿಸಿದೆ." ಅವರ ದನಿ ಹಗುರವಾಗಿಯೇ ಇತ್ತು. "ರಕ್ತ ತಗೊಂಡ್ರು, ಸ್ಕ್ಯಾನ್ ಮಾಡಿದ್ರು. ಮೂಳೆ ಹೊಳೀಬೇಕಾದ ಫೋಟೋದಲ್ಲಿ ನನ್ನ ಹೃದಯ ಹೊಳೀತಿತ್ತು. ಅದೇನೋ ಪ್ರೋಟೀನು ಸೇರ್ಕೊಂಡು ಗಟ್ಟಿಯಾಗಿದೆಯಂತೆ. ಕಾಲರಿಗೆ ಗಂಜಿ ಜಾಸ್ತಿ ಆದ್ರೆ ಮಡಚೋಕೆ ಬರಲ್ವಲ್ಲ, ಹಂಗಾ ಅಂದೆ. ನಾಲ್ಕು ವರ್ಷದಿಂದ ಇದನ್ನ ಹೆಂಗೆ ಹೇಳಬೇಕು ಅಂತ ಹುಡುಕ್ತಿದ್ದೆ, ಸಿಕ್ತು ಅಂದ."

ಅವಳು ಅಪ್ಪನ ಕೈ ಎಳೆದುಕೊಂಡು ನಾಡಿ ಹಿಡಿದಳು.

"ಇನ್ನೊಂದು ಮಾತು. ಇದು ವಂಶದಲ್ಲಿ ಬರೋ ಜಾತಿಯದ್ದು. ನಿನಗೂ ಬಂದಿರಬಹುದು, ಬರದೇನೂ ಇರಬಹುದು. ನಾಣ್ಯ ಚಿಮ್ಮಿದ ಹಂಗೆ." ಈ ಮಾತಿಗೆ ಮಾತ್ರ ಅಪ್ಪ ಅವಳ ಮುಖ ನೋಡಲಿಲ್ಲ. "ಹೊಸ ಔಷಧದ ಟ್ರಯಲ್ ನಡೀತಿದೆ. ನಾನು ಸೇರ್ಕೊಂಡೆ."

"ನನ್ನ ಒಂದು ಮಾತು ಕೇಳದೆ?"

"ನೀನು ಡಾಕ್ಟರಾಗುವಾಗ ನನ್ನ ಕೇಳಿದ್ಯಾ?"

"ಟ್ರಯಲ್ ಅಂದ್ರೆ ಏನು ಗೊತ್ತೇನಪ್ಪಾ ನಿನಗೆ?"

"ಟ್ರಯಲ್ಲಿಗೆ ಬನ್ನಿ, ಟ್ರಯಲ್ಲಿಗೆ ಬನ್ನಿ ಅಂತ ಜೀವಮಾನ ಪೂರ್ತಿ ಕರೆದವನು ನಾನು. ನನಗೆ ಹೇಳಿಕೊಡ್ತೀಯಾ? ಹೊಸ ಕಟಿಂಗನ್ನ ಮೊದಲು ಹಳೇ ಬಟ್ಟೆ ಮೇಲೆ ಮಾಡಿ ನೋಡ್ತಾರೆ. ಒಳ್ಳೇ ಬಟ್ಟೆಗೆ ಆಮೇಲೆ ಕತ್ತರಿ ಹಾಕ್ತಾರೆ." ಅಷ್ಟು ಹೇಳಿ ಎದ್ದು, ಉಸಿರು ಸುಧಾರಿಸಿಕೊಂಡು, ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ಅವಳು ಮೇಲಿನ ಮಹಡಿಗೆ ಲಿಫ್ಟಿಗೂ ಕಾಯದೆ ಹತ್ತಿದಳು. ಹೊರಗೆ ಬೆಂಚಿನ ಮೇಲೆ ಕೂತ ಪೇಷಂಟುಗಳು ಅವಳ ಮುಖ ನೋಡಿ ಕಾಲು ಹಿಂದಕ್ಕೆಳೆದುಕೊಂಡರು. ಬಾಗಿಲು ತಟ್ಟದೆ ಒಳಗೆ ನುಗ್ಗಿದಳು.

"ನಮ್ಮಪ್ಪನಿಗೆ ಸಿಗ್ತಿರೋದು ಔಷಧಾನಾ, ಖಾಲಿ ಮಾತ್ರೆನಾ?"

ಅವನು ಎದ್ದು ನಿಂತ. "ಗೊತ್ತಿಲ್ಲ."

"ಸುಳ್ಳು!"

"ನಿಜವಾಗ್ಲೂ ಗೊತ್ತಿಲ್ಲ. ಈಗಿರೋ ಔಷಧ ಎಲ್ಲರಿಗೂ ಕೊಡ್ತೀವಿ, ಅದರಲ್ಲಿ ಮೋಸ ಇಲ್ಲ. ಅದರ ಮೇಲೆ ಅರ್ಧ ಜನಕ್ಕೆ ಹೊಸದು, ಅರ್ಧ ಜನಕ್ಕೆ ಖಾಲಿ. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿರಲ್ಲ, ನಮಗೂ ಗೊತ್ತಿರಲ್ಲ. ಗೊತ್ತಾದ್ರೆ ಕಣ್ಣು ಸುಳ್ಳು ಹೇಳುತ್ತೆ, ಮೇಡಂ. ಔಷಧ ತಗೊಂಡವರೆಲ್ಲ ಚೆನ್ನಾಗಿದ್ದಾರೆ ಅನ್ಸುತ್ತೆ."

"ನಮ್ಮಪ್ಪ ಬಂದಿದ್ದನ್ನ ನನಗ್ಯಾಕೆ ಹೇಳಲಿಲ್ಲ?"

"ಹೇಳಬೇಡ ಅಂದ್ರು. ಅದು ಅವರ ಮಾತು, ನಾನು ಹೇಳೋ ಹಾಗಿರಲಿಲ್ಲ. ಈಗ ಅವರು ನನ್ನ ಪೇಷಂಟ್ ಅಲ್ಲ. ನಮ್ಮ ಚೀಫ್ ನೋಡ್ತಾರೆ. ನನಗೆ ಬೇಡ ಅಂತ ನಾನೇ ಕೇಳ್ಕೊಂಡೆ."

"ಓಹೋ, ಕೈ ತೊಳ್ಕೊಂಡ್ರಿ! ಏನು ಕಾರಣ?"

"ಅವರು ನಿಮ್ಮ ತಂದೆ ಅನ್ನೋ ಕಾರಣ."

"ಅದರಲ್ಲೇನಿದೆ?"

ಅವನು ಮೇಜಿನ ಮೇಲಿದ್ದ ಪೆನ್ನುಗಳನ್ನು ಒಂದೇ ಸಾಲಿಗೆ ಜೋಡಿಸಿದ. ಮತ್ತೆ ಕೆಡಿಸಿ ಜೋಡಿಸಿದ.

"ಬಾಯಲ್ಲಿ ಏನು ತುಂಬ್ಕೊಂಡಿದ್ದೀಯಾ? ಹೇಳು!"

ಅವನ ಕಣ್ಣು ನಕ್ಕಿತು. "ಏಕವಚನಕ್ಕೆ ಇಳಿದ್ರಿ."

"ಇಳಿದೆ. ಏನೀಗ?"

"ಏನಿಲ್ಲ. ಚೆನ್ನಾಗಿದೆ." ನಗು ಬಾಯಿಗೆ ಬರುವ ಮೊದಲೇ ಆರಿತು. "ನಿಮ್ಮ ಬ್ಲಡ್ ಟೆಸ್ಟ್ ಆಗಲಿ ಅಂತ ಕಾಯ್ತಿದ್ದೆ. ರಿಸಲ್ಟ್ ಬರಲಿ, ನಿಮ್ಮ ಮನಸ್ಸು ಒಂದು ಹದಕ್ಕೆ ಬರಲಿ, ಆಮೇಲೆ ನಿಧಾನಕ್ಕೆ ಮಾತಾಡೋಣ ಅಂತ..."

ಅಷ್ಟೇ. ಇಷ್ಟು ದಿನ ಅವಳು ಬೈದದ್ದೆಲ್ಲ ಬರೀ ಬಿಸಿನೀರು. ಈಗ ಉಕ್ಕಿದ್ದು ಕುದಿಯುವ ಎಣ್ಣೆ.

"ಆಮೇಲೆ?" ತೋಳು ಮಡಚಿ ಮೊಣಕೈಯ ಒಳಗೆ ಅಂಟಿಸಿದ್ದ ಹತ್ತಿಯನ್ನು ತೋರಿಸಿದಳು. "ರಕ್ತ ಈಗ ತಾನೇ ಕೊಟ್ಟು ಬಂದೆ. ರಿಸಲ್ಟ್ ಬರೋಕೆ ವಾರಗಳಾಗುತ್ತೆ. ಅದು ಬಂದ ಮೇಲೆ ನೀನು ಬಾಯಿ ಬಿಡ್ತೀಯಾ? ಇಲ್ಲ ಅಂತ ಬಂದ್ರೆ, ಪಾಸಾದಳು ಅಂತ ಕೇಳಿದ ಅಂತ ನಾನು ಸಾಯೋವರೆಗೂ ಅನ್ಕೋಬೇಕು. ಇದೆ ಅಂತ ಬಂದ್ರೆ, ಪಾಪ ಅಂತ ಕೇಳಿದ ಅನ್ಕೋಬೇಕು. ಇದರಲ್ಲಿ ಯಾವುದನ್ನ ನನ್ನ ತಲೆಗೆ ಕಟ್ಟಬೇಕು ಅಂತಿದ್ದೀಯಾ?"

"ನಿನಗೆ ಭಾರ ಆಗಬಾರದು ಅಂತ..."

"ಭಾರದ ಲೆಕ್ಕ ನಾನು ನೋಡ್ಕೋತೀನಿ! ಗೊತ್ತಾದ್ರೆ ಕಣ್ಣು ಸುಳ್ಳು ಹೇಳುತ್ತೆ ಅಂದೆಯಲ್ಲ? ಇವತ್ತು ಗೊತ್ತಿಲ್ಲ. ನಿನಗೂ ಇಲ್ಲ, ನನಗೂ ಇಲ್ಲ. ಇವತ್ತು ನೋಡು ನನ್ನ. ನೋಡಿ ಹೇಳು. ಏನೂ ಹೇಳೋಕಿಲ್ಲ ಅಂದ್ರೆ ಅದನ್ನಾದ್ರೂ ಹೇಳು, ನಾನು ಕೆಳಗೆ ಹೋಗಬೇಕು, ಪೇಷಂಟ್ ಕಾಯ್ತಿದ್ದಾರೆ."

ಅವಳ ದನಿ ಕೊನೆಗೆ ಒಡೆಯಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಅವನು ಮೇಜು ಸುತ್ತಿಕೊಂಡು ಬಂದು ಎದುರಿಗೆ ನಿಂತ. ನೋಡಿದ. ಕೆಂಪೇರಿದ ಮೂಗು, ಅವಸರದಲ್ಲಿ ಓರೆಯಾಗಿ ಹಾಕಿದ ಕ್ಲಿಪ್ಪು, ರೆಪ್ಪೆಯ ಅಂಚಿಗೆ ಬಂದು ಬೀಳದೆ ಹಟ ಹಿಡಿದು ನಿಂತ ನೀರು.

"ನೀನು ಮಾತು ಬಿಟ್ಟ ಮೇಲೆ ಸಿಸ್ಟರ್ ಬಾಟಲಿ ತಂದುಕೊಡ್ತಿದ್ರು," ಅಂದ. "ಮೇಲಿನ ಚೀಟೀಲಿ ನಿನ್ನ ಅಕ್ಷರ ಇರ್ತಿತ್ತು. ತೊಳೆಯೋವಾಗ ಚೀಟಿ ಹಾಳಾಗದ ಹಾಗೆ ಬಿಡಿಸಿ ಇಟ್ಕೊಳ್ಳೋದು ಕಲ್ತೆ. ಲ್ಯಾಬಿನವರು ನಗ್ತಾರೆ. ನನಗೆ ಬೈಯೋಕೆ ನೀನು ಬೇಕು. ಆ ದೋಷ ನಿನ್ನಲ್ಲಿ ಇದ್ರೂ ನೀನೇ ಬೇಕು, ಇಲ್ಲದಿದ್ರೂ ನೀನೇ ಬೇಕು. ಇದ್ರೆ ಒಂದೇ ವ್ಯತ್ಯಾಸ, ಔಷಧ ಹುಡುಕೋಕೆ ನನಗೆ ಇನ್ನೂ ಸ್ವಲ್ಪ ಅವಸರ ಆಗುತ್ತೆ. ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ!" ಅಂದಳು ಅವಳು, ಜಗಳಕ್ಕೆ ನಿಂತವಳ ದನಿಯಲ್ಲೇ.

"ಕೋಪದಲ್ಲಿ ಹೇಳ್ತಿದ್ದೀಯಾ?"

"ಕೋಪದಲ್ಲೇ ಹೇಳ್ತಿದ್ದೀನಿ. ಕೋಪ ಇಳಿಯೋವರೆಗೂ ಕಾಯ್ತೀನಿ ಅಂದ್ರೆ ನೀನು ಬ್ರಹ್ಮಚಾರಿಯಾಗೇ ಇರ್ತೀಯ."

ಈ ಸಲ ಅವನ ಕಣ್ಣು ಬಾಯಿ ಎರಡೂ ಒಟ್ಟಿಗೇ ನಕ್ಕವು. "ರಿಸಲ್ಟ್ ಏನೇ ಬಂದ್ರೂ..."

"ಆ ಮಾತು ಇವತ್ತು ಬೇಡ. ಇವತ್ತು ಒಂದು ದಿನ ಬೇಡ."

ಅವಳು ಬಾಗಿಲಿನವರೆಗೆ ಹೋದಳು. ಹೊರಗೆ ಬೆಂಚಿನವರೆಲ್ಲ ಕಿವಿ ನಿಮಿರಿಸಿಕೊಂಡು ಕೂತಿದ್ದರು. ಒಬ್ಬ ಅಜ್ಜಿಯಂತೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಡಾಕ್ಟರಿಗೆ ಇನ್ನೂ ಐದು ನಿಮಿಷ ಆಗುತ್ತೆ," ಅಂತ ಅವರ ಮೇಲೂ ಒಂದು ಸಲ ಗದರಿ, ಅವಳು ಬಾಗಿಲನ್ನು ಒಳಗಿನಿಂದ ಹಾಕಿಕೊಂಡಳು.