ಯಾವ ಗುಂಡು?

"ಲೇ ನಿಧೀ, ನಿನ್ ಅನಿಲ್ ಮನೇಲೇ ಗುಂಡು ಮಾಡ್ತಾನಂತೆ ಕಣೇ!"

ನನ್ನ ದೊಡ್ಡಪ್ಪನ ಮಗಳು ಕೋಮಲಾ ಚನ್ನರಾಯಪಟ್ಟಣದಿಂದ ಫೋನ್ ಮಾಡಿ ಹೀಗೆ ಕಿರುಚಿದಾಗ, ನಾನು ಹಾಸನದ ಹಾಸ್ಟೆಲ್ ಮೆಸ್ಸಿನಲ್ಲಿ ಭಾನುವಾರದ ಇಡ್ಲಿ ಮುರಿಯುತ್ತಿದ್ದೆ. ಕೈ ಹಾಗೇ ನಿಂತಿತು.

"ಏನ್ ಮಾಡ್ತಾನೆ?"

"ಗುಂಡು ಕಣೇ! ಎಣ್ಣೆ! ನಾಗೇಶ್ ಮಾಮ ನಿನ್ನೆ ಹರದನಹಳ್ಳಿಗೆ ಹೋಗಿ ವಿಚಾರಿಸ್ಕೊಂಡ್ ಬಂದ್ರು. ಮನೆ ಹಿಂದೆ ಶೆಡ್ ಐತಂತೆ. ಒಲೆ ಮೇಲೆ ಕಾಯಿಸ್ತಾನಂತೆ. ಆಮೇಲೆ ತಾತ ಮೊಮ್ಮಗ ಇಬ್ರೂ ಜಗಲಿ ಮೇಲೆ ಕೂತ್ಕೊಂಡು, 'ಹೋದ್ ಸಲ ಎಷ್ಟ್ ಹಾಕ್ದೆ, ಈ ಸಲ ಒಂಚೂರು ಕಮ್ಮಿ ಹಾಕ್ಲಾ' ಅಂತ ಮಾತಾಡ್ಕೊಂತಾರಂತೆ!"

"ತಾತಾನೂನಾ?"

"ತಾತನೇ ಗುರು ಅಂತೆ! ಪಕ್ಕದ್ಮನೆಯೋರು ಹೇಳಿದ್ದು, 'ಉಡ್ಗ ಚಿನ್ನ ಸಾ, ಆದ್ರೆ ಅದೊಂದು ಗುಂಡಿನ್ ಚಟ' ಅಂತ. ನಿಮ್ಮಪ್ಪ ಕಾಫಿ ಲೋಟನ ಟೀಪಾಯಿ ಮೇಲೆ ಕುಕ್ಕಿದ್ರು ನೋಡು, ನಮ್ಮನೆ ಬೆಕ್ಕು ಇನ್ನೂ ವಾಪಸ್ ಬಂದಿಲ್ಲ. ಅರಕಲಗೂಡಿನ ಆ ಇಂಜಿನಿಯರ್ ಮನೆಯವ್ರಿಗೆ ನಾಳೆನೇ ಹೂಂ ಅಂತಾರಂತೆ."

ನನ್ನ ಅಪ್ಪ ಶಾಂತರಾಜು ಬೇರೆ ಎಲ್ಲವನ್ನೂ ಕ್ಷಮಿಸುತ್ತಾರೆ, ಕುಡಿತವನ್ನಲ್ಲ. ಸ್ವಂತ ತಮ್ಮನನ್ನು ಅದರಿಂದಲೇ ಕಳೆದುಕೊಂಡವರು.

ನಿಜವಾದ ಫಜೀತಿ ಇನ್ನೊಂದಿತ್ತು. ನಮ್ಮ ಮನೆಯವರು ತನ್ನನ್ನು ವಿಚಾರಿಸುತ್ತಿದ್ದಾರೆ ಅನ್ನುವುದೇ ಅನಿಲ್‌ಗೆ ಗೊತ್ತಿರಲಿಲ್ಲ. ಯಾಕೆಂದರೆ ಅವನು ಇನ್ನೂ ನನಗೆ ಏನೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ತಡೆಯಲಾರದೆ ಅಮ್ಮನಿಗೆ ಮಾತ್ರ ಹೇಳಿಬಿಟ್ಟಿದ್ದೆ.

ಅನಿಲ್ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ತೂಕದ ಯಂತ್ರ ರಿಪೇರಿ ಮಾಡಲು ಬಂದವನು. ನಾನು ಫ್ಯಾನ್ ಹಾಕಿದ್ದೆ. "ಮೇಡಂ, ನಿಮ್ ಫ್ಯಾನ್ ಗಾಳಿನೂ ತೂಕ ಹಾಕ್ತಾ ಐತೆ ಇದು, ಆಫ್ ಮಾಡಿ," ಅಂದ. ನಾನು ಆಫ್ ಮಾಡಿದೆ. ಬೆವರುತ್ತಾ ನಿಂತು ಅವನ ಕೈಗಳನ್ನೇ ನೋಡಿದೆ. ಇರುವೆಯನ್ನು ನೋಯಿಸದೆ ಎತ್ತಿಡುವವನ ಕೈಗಳ ಹಾಗಿದ್ದವು.

ಆಮೇಲೆ ಆ ಯಂತ್ರ ಪದೇ ಪದೇ ಕೆಟ್ಟಿತು. ಹೇಗೆ ಕೆಟ್ಟಿತು ಎಂದು ನನ್ನನ್ನು ಕೇಳಬೇಡಿ.

ಕ್ಯಾಂಟೀನಿನಲ್ಲಿ ಟೀ ಕುಡಿದೆವು. ಒಮ್ಮೆ ಗೊರೂರಿಗೆ ಹೋಗಿ ಡ್ಯಾಮಿನ ನೀರು ನೋಡುತ್ತಾ ಕಡಲೆಕಾಯಿ ತಿಂದೆವು. ಅವನು ಸುಲಿದು ಕೊಟ್ಟ, ನಾನು ಮಾತಾಡಿದೆ. ಆದರೆ ಭಾನುವಾರ ಮಾತ್ರ ಎಂದೂ ಸಿಗುತ್ತಿರಲಿಲ್ಲ. "ತಾತನ ಜೊತೆ ಒಂಚೂರು ಕೆಲಸ," ಅನ್ನುತ್ತಿದ್ದ.

ಆ ಕೆಲಸ ಇದೇನಾ?

ಇಡ್ಲಿ ಬಿಟ್ಟು ಎದ್ದೆ. ಹೊಳೆನರಸೀಪುರದ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದು ಹರದನಹಳ್ಳಿಯಲ್ಲಿ ಇಳಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದೆ.

ಶೆಡ್ಡಿನ ಬಾಗಿಲು ಹಾರು ಹೊಡೆದಿತ್ತು. ಒಲೆಯ ಮೇಲೆ ಕಬ್ಬಿಣದ ಪಾತ್ರೆ. ಪಕ್ಕದಲ್ಲಿ ಉದ್ದ ತೋಳಿನ ಅಂಗಿ, ಚರ್ಮದ ಗ್ಲೌಸು, ಕಣ್ಣಿಗೆ ಕನ್ನಡಕ ಹಾಕಿಕೊಂಡ ಅನಿಲ್. ನನ್ನನ್ನು ನೋಡಿ ಅವನ ಕೈಯ ಸೌಟು ಗಾಳಿಯಲ್ಲೇ ನಿಂತಿತು.

"ನಿಧಿ? ನೀವಿಲ್ಲಿ?"

ವರ್ಷದಿಂದ ನೀವು, ನೀವು. ಸಿಟ್ಟಿನಲ್ಲೂ ಅದು ಮುದ್ದೆನಿಸಿತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಗುಂಡು ಮಾಡ್ತೀಯಂತೆ?"

ಅವನ ಮುಖ ಇಳಿಯಿತು. "ಯಾರ್ ಹೇಳಿದ್ರು?"

"ಮಾಡ್ತೀಯೋ ಇಲ್ವೋ?"

"ಮಾಡ್ತೀನಿ."

ನಾಚಿಕೆಯೇ ಇಲ್ಲ! "ಯಾವಾಗಿಂದ?"

"ಡಿಪ್ಲೊಮಾ ಮುಗಿದ್ಮೇಲಿಂದ. ತಾತ ಕಲಿಸಿದ್ದು."

"ಆ ವಯಸ್ಸಿನವ್ರಿಗೆ ಬುದ್ಧಿ ಬೇಡ್ವಾ?"

"ತಾತಂಗೆ ಈಗ ಜಾಸ್ತಿ ಆಗಲ್ಲ. ಕೈ ನಡುಗುತ್ತೆ. ಆದ್ರೂ ಭಾನುವಾರ ಒಂದ್ ನಾಲ್ಕೈದು ಹಾಕ್ಲೇಬೇಕು ಅಂತಾರೆ."

"ನಾಲ್ಕೈದಾ!" ನನಗೆ ಅಳು ಬಂತು. "ನೀನು?"

"ನಾನು ಇಪ್ಪತ್ತು, ಮೂವತ್ತು…"

ಗೋಡೆ ಹಿಡಿದುಕೊಂಡೆ. "ಮೂವತ್ತು ಹಾಕಿ ನಿಂತ್ಕೊಳ್ಳೋಕಾಗುತ್ತಾ ನಿಂಗೆ?"

"ನಿಂತ್ಕೊಂಡೇ ಹಾಕೋದು," ಎಂದ ಅನಿಲ್, ಗೊಂದಲದಿಂದ. "ಕೂತ್ಕೊಂಡು ಹೊಡೆದ್ರೆ ಕಾಂಪಿಟೀಷನ್‌ನಲ್ಲಿ ಒಪ್ಪಲ್ಲ."



"ಯಾವ ಕಾಂಪಿಟೀಷನ್?"

ಅವನು ಇಕ್ಕಳದಂಥ ಹಿಡಿಯ ಅಚ್ಚನ್ನು ತೆರೆದು ಮಡಚಿದ ಟವಲ್ಲಿನ ಮೇಲೆ ಮೆಲ್ಲಗೆ ತಟ್ಟಿದ. ಬೆಳ್ಳಿಯ ಮೊಗ್ಗಿನಂಥದ್ದೊಂದು ಉರುಳಿ ಬಿತ್ತು. ಸೀಸದ ಗುಂಡು. ರಿವಾಲ್ವರಿನದು.

"ಮುಟ್ಟಬೇಡಿ, ಬಿಸಿ ಐತೆ," ಎಂದ.

ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ಮಾಮ ಈ ಊರಿಂದ ಹೊತ್ತು ತಂದ 'ಎಣ್ಣೆ'ಯ ಸುದ್ದಿಯನ್ನಷ್ಟೇ ಹೇಳಿದಾಗ ಅವನು ಕನ್ನಡಕ ತೆಗೆದು ಹಣೆ ಒರೆಸಿಕೊಂಡ. ಕಿವಿ ಕೆಂಪಾಗಿದ್ದವು.

ಅವನ ತಾತ ದೇವರಾಜು ಹಿಂದೆ ಪೊಲೀಸ್ ಟೀಮಿನಲ್ಲಿ ಶೂಟಿಂಗ್ ಆಡಿದವರಂತೆ. ಅವರ ಹಳೇ ರಿವಾಲ್ವರಿಗೆ ಒಗ್ಗುವ ತೋಟಾ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಅದಕ್ಕೇ ಗುಂಡು ಇಲ್ಲಿ ಎರಕ ಹೊಯ್ಯುವುದು. ತೋಟಾಗೆ ಸಿಡಿಮದ್ದು ತುಂಬುವುದು ಶೂಟಿಂಗ್ ಕ್ಲಬ್ಬಿನಲ್ಲಿ, ಅಲ್ಲಿ ಬೀಗದೊಳಗಿರುತ್ತದೆ. ಎಲ್ಲದಕ್ಕೂ ಲೈಸೆನ್ಸ್ ಇದೆ.

"ನಂಗ್ಯಾಕೆ ಹೇಳ್ಲಿಲ್ಲ?"

"ಹಿಂದೆ ಒಬ್ರಿಗೆ ಹೇಳಿದ್ದೆ. ಎದ್ದು ಹೋಗ್ಬಿಟ್ರು."

ಎದೆಯಲ್ಲಿ ಚುಳ್ ಎಂದಿತು. "ಯಾರು ಆ ಒಬ್ರು?"

"ಬ್ಯಾಂಕ್ ಮ್ಯಾನೇಜರ್ರು. ಲೋನ್ ಕೇಳಕ್ಕೆ ಹೋಗಿದ್ದೆ."

ಅವನ ತುಟಿಯ ಮೂಲೆಯಲ್ಲೊಂದು ನಗು ಇತ್ತು. ಓಹೋ, ಇವನಿಗೆ ಚುಡಾಯಿಸುವುದೂ ಗೊತ್ತು!

ಗೋಡೆಯ ತುಂಬ ತೂತು ಬಿದ್ದ ಗುರಿಯ ಹಾಳೆಗಳು. ಒಂದೊಂದರಲ್ಲೂ ಐದು ತೂತು. ಕೆಲವುಗಳಲ್ಲಿ ಜಗಳ ಆಡಿದ ನೆಂಟರ ಹಾಗೆ ದೂರ ದೂರ. ಒಂದರಲ್ಲಿ ಮಾತ್ರ ಐದೂ ಒಂದನ್ನೊಂದು ತಬ್ಬಿಕೊಂಡಿದ್ದವು.

"ಗುಂಡು ಅದೇ, ರಿವಾಲ್ವರ್ ಅದೇ. ಒಂದೊಂದು ಹಾಳೆಗೂ ಮದ್ದಿನ ತೂಕ ಮಾತ್ರ ಒಂಚೂರು ಬೇರೆ," ಎಂದ ಅನಿಲ್, ನನ್ನ ಹಿಂದೆ ಬಂದು ನಿಂತು. "ಜಾಸ್ತಿ ಹಾಕಿದ್ರೆ ಒಳ್ಳೇದು ಅನ್ಕೋತಾರೆ ಎಲ್ರೂ. ಸದ್ದು ಜಾಸ್ತಿ ಆಗುತ್ತೆ ಅಷ್ಟೇ, ಗುರಿ ಚೆದುರುತ್ತೆ. ಈ ಹಳೇ ರಿವಾಲ್ವರ್ಗೆ ಮೆತ್ತಗೆ ಹೇಳಿದ್ರೇನೇ ಕೇಳೋದು."

"ಹಂಗಾದ್ರೆ ನಾನ್ ಸದ್ದು, ನೀನ್ ಗುರಿ."

"ನಿಮ್ ಸದ್ದಿಲ್ಲದಿದ್ರೆ ನಂಗೆ ವಾರನೇ ಹೋಗಲ್ಲ," ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ. ಮಾತು ಬದಲಿಸಲೋ ಏನೋ, "ಅದ್ಸರಿ, ನಿಮ್ ಮಾಮ ನಮ್ಮೂರಿಗೆ ಯಾಕ್ ಬಂದಿದ್ರು?" ಎಂದು ಕೇಳಿದ.

ಸಿಕ್ಕಿಬಿದ್ದೆ.

"ಹುಡುಗನ್ನ ವಿಚಾರಿಸೋಕೆ."

"ಯಾವ ಹುಡುಗ?"

ಒಲೆ ಬುಸುಗುಟ್ಟಿತು. ನಾನು ಉಗುರು ನೋಡಿಕೊಂಡೆ. ಅವನಿಗೆ ಅರ್ಥವಾಗಲು ಒಂದು ಉಸಿರಷ್ಟು ಹೊತ್ತು ಬೇಕಾಯಿತು. ಆಮೇಲೆ ಬೆಂಕಿ ಆರಿಸಿ, ಗ್ಲೌಸು ಕಳಚಿಟ್ಟು ಸರಸರನೆ ಹೊರಗೆ ಹೋಗಿಬಿಟ್ಟ!

ನನ್ನ ಪ್ರಾಣವೇ ಹೋಯಿತು. ಬಾಗಿಲಿಗೆ ಓಡಿದೆ. ಅವನು ನಲ್ಲಿ ಹತ್ತಿರ ಕೂತು ಸೋಪು ಹಾಕಿ ಮೊಣಕೈವರೆಗೂ ಉಜ್ಜುತ್ತಿದ್ದ. ತೊಳೆದ, ಮತ್ತೆ ತೊಳೆದ. ಒದ್ದೆ ಕೈಯಲ್ಲೇ ಬಂದು, "ಸೀಸದ ಕೈಯಲ್ಲಿ ಮುಟ್ಟಬಾರ್ದು," ಎಂದ. ಆಮೇಲೆ ನನ್ನ ಬೆರಳುಗಳನ್ನು ಹಿಡಿದುಕೊಂಡ. ತಣ್ಣಗಿದ್ದವು ಅವನ ಕೈಗಳು. ಇರುವೆಯಷ್ಟೇ ಹಗುರವಾದೆ ನಾನು.

"ನಿಂಗೆ… ನಿಜ್ವಾಗ್ಲೂ?" ಎಂದ.

ನಿಂಗೆ! ನಾನು ತಲೆಯಾಡಿಸಿದೆ. ಜೀವನದಲ್ಲಿ ಮೊದಲ ಸಲ ನನಗೆ ಮಾತು ಬರಲಿಲ್ಲ.

ಅಷ್ಟರಲ್ಲಿ ಅಪ್ಪನ ಫೋನ್ ಬಂತು. ಸ್ಪೀಕರ್ ಹಾಕಿದೆ.

"ಎಲ್ಲಿದೀಯವ್ವಾ? ನಾಳೀಕೆ ಅರಕಲಗೂಡಿನೋರ್ಗೆ ಹೂಂ ಅಂತೀನಿ."

"ಅಪ್ಪಾ ತಡೀರಿ! ಅದು ಆ ಗುಂಡಲ್ಲ, ರಿವಾಲ್ವರ್ ಗುಂಡು!"

ಆ ಕಡೆ ಮತ್ತೆ ಲೋಟ ಕುಕ್ಕಿದ ಸದ್ದಾಯಿತು.

"ಅಯ್ಯೋ ನನ್ ಕರ್ಮವೇ! ಕುಡಿಯೋದೇ ವಾಸಿಯಾಗಿತ್ತಲ್ಲೇ!"

ಅನಿಲ್ ನನ್ನ ಕೈಯಿಂದ ಫೋನ್ ತೆಗೆದುಕೊಂಡ. ಮೂರು ಮಾತಿಗಿಂತ ಹೆಚ್ಚು ಆಡದವನು ನೆಟ್ಟಗೆ ನಿಂತು ಶುರುಮಾಡಿದ.

"ನಮಸ್ಕಾರ ಸಾ, ನಾನು ಅನಿಲ್‌ಕುಮಾರ್. ನಾನು ಕುಡಿಯಲ್ಲ. ಗುಂಡು ಎರಕ ಹೊಯ್ಯೋದು ನಿಜ. ಲೈಸೆನ್ಸ್ ಎಲ್ಲಾ ತಂದು ತೋರಿಸ್ತೀನಿ."

"ನನ್ ಮಗಳು ಬೇಕು ಅಂದ್ರೆ ಅದನ್ನ ಬಿಟ್ಬುಡ್ತೀಯೇನಪ್ಪಾ?"

ಹೂಂ ಅಂದುಬಿಡು, ಆಮೇಲೆ ನೋಡಿಕೊಳ್ಳೋಣ ಎಂದು ಕೈಸನ್ನೆ ಮಾಡಿದೆ. ಅನಿಲ್ ನನ್ನನ್ನು ನೋಡಿದ, ಜಗಲಿಯ ಮೇಲೆ ಕೂತಿದ್ದ ತಾತನನ್ನು ನೋಡಿದ.

"ಬಿಡ್ತೀನಿ ಅಂತ ಈಗ ಹೇಳ್ಬೋದು ಸಾ. ಆದ್ರೆ ಸುಳ್ಳಾಗುತ್ತೆ. ತಾತನ ಕೈ ಆಡೋವರೆಗೂ ಬಿಡಕ್ಕಾಗಲ್ಲ. ನಿಮಗೆ ಸುಳ್ಳು ಹೇಳಿ ನಿಧೀನ ಕರ್ಕೊಂಡ್ ಬರಕ್ಕೆ ನಂಗಿಷ್ಟ ಇಲ್ಲ. ಅವಳು ಅಂದ್ರೆ ನಂಗೆ ಪ್ರಾಣ ಸಾ."

ಆ ಕಡೆಯಿಂದ ಅಪ್ಪ ಕೆಮ್ಮಿದರು.

"ನಮ್ ತಮ್ಮ ದಿನಾ ಬಿಡ್ತೀನಿ ಬಿಡ್ತೀನಿ ಅಂತಿದ್ದ ಕಣಪ್ಪಾ," ಎಂದರು. ದನಿ ಮೆತ್ತಗಾಗಿತ್ತು. "ಇಲ್ಲ ಅಂತ ಮಖಕ್ಕೆ ಹೇಳೋನ್ನ ಈಗ್ಲೇ ನೋಡ್ತಿರೋದು. ನಾಳೆ ಬೆಳಗ್ಗೆ ಬಾ. ನಿಮ್ ತಾತನ್ನೂ ಕರ್ಕಂಬಾ. ಬಸ್ ಸ್ಟ್ಯಾಂಡ್ನಾಗೆ ನಿಂತಿರ್ತೀನಿ. ನೋಡೋವರ್ಗೂ ಅರಕಲಗೂಡಿನೋರ್ಗೆ ಏನೂ ಹೇಳಕಿಲ್ಲ."

ಫೋನ್ ಕಟ್ಟಾಯಿತು.

"ಪ್ರಾಣ ಅಂತ ಅಪ್ಪಂಗೆ ಹೇಳ್ದೆ," ಎಂದೆ. "ನಂಗೆ?"

"ಈಗ ಬೇಡ. ತಾತ ಇಲ್ಲೇ ಅವ್ರೆ."

"ನಂಗೇನೂ ಕೇಳಿಸ್ತಿಲ್ಲ ಕಣವ್ವಾ," ಎಂದರು ತಾತ, ಆಕಾಶ ನೋಡುತ್ತಾ. "ಕಿವಿ ಮಂದ."

ಅನಿಲ್ ನನ್ನನ್ನು ಹೊಳೆನರಸೀಪುರಕ್ಕೆ ಬೈಕಿನಲ್ಲಿ ಕರೆತಂದ. ನಾನು ಚನ್ನರಾಯಪಟ್ಟಣದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಅವನು ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದ.

"ನಾಳೆ ಎಂಟು ಗಂಟೆ ಬಸ್ಸಿಗೆ ಬಾ. ಅಪ್ಪನ ಪಕ್ಕದಲ್ಲೇ ನಾನೂ ನಿಂತಿರ್ತೀನಿ. ಇಳಿದ ತಕ್ಷಣ ಮೊದ್ಲು ಅಪ್ಪನ್ನ ನೋಡ್ಬೇಕು, ಆಮೇಲೆ ನನ್ನ. ಆಯ್ತಾ?"

ಬಸ್ಸು ಹೊರಟಿತು. ಅವನು ಎರಡು ಹೆಜ್ಜೆ ಜೊತೆಗೇ ನಡೆದ.

"ಎಂಟು ಗಂಟೆ ಬಸ್ಸಿಗೆ ಬತ್ತೀನಿ," ಎಂದ. "ಇನ್ನೊಂದು ಮಾತ್ರ ಪ್ರಾಮಿಸ್ ಮಾಡಕ್ಕಾಗಲ್ಲ."