ಮರದ ತಮ್ಮನಿಗೆ ಲವಂಗದೆಣ್ಣೆ

ಬಹಳ ಬಹಳ ಹಿಂದೆ, ಲವಂಗದ ತೋಟಗಳಿಂದ ಘಮಘಮಿಸುವ ಏಲಾವತಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರಿ ಚೆನ್ನಾಜಿಗೆ ತನ್ನವರೆಂದು ಉಳಿದವನು ತಮ್ಮ ಮಾರನಾಯಕ ಒಬ್ಬನೇ. ಅವನನ್ನೂ ಧೂಮಕೇಶಿ ಎಂಬ ಮಾಂತ್ರಿಕ ಮರದ ಗೊಂಬೆ ಮಾಡಿಬಿಟ್ಟ.

"ನಾಳೆ ಹೊತ್ತು ಮುಳುಗುವುದರೊಳಗೆ ಇವನ ಮೇಲೆ ಮಳೆ ಬಿಡುತ್ತೇನೆ, ಗೆದ್ದಲು ಬಿಡುತ್ತೇನೆ, ಅರಗು ಬಳಿಯುತ್ತೇನೆ. ಒಂದು ಗೆದ್ದರೂ ಇವನು ಎಂದೆಂದಿಗೂ ಗೊಂಬೆ. ಮೂರೂ ಸೋತರೆ ಇವನು ಮನುಷ್ಯ, ನಾನು ಮರ," ಎಂದ ಮಾಂತ್ರಿಕ. ಸೋತು ಗೊತ್ತಿಲ್ಲದವರ ಮಾತು ಹೀಗೇ ಇರುತ್ತದೆ.

ಮರುದಿನ ನರಕಚತುರ್ದಶಿ. ಅಕ್ಕ ತಮ್ಮನಿಗೆ ಎಣ್ಣೆ ಒತ್ತುವ ದಿನ. ಚೆನ್ನಾಜಿ ಲವಂಗದೆಣ್ಣೆಯ ಗಿಂಡಿ ಹಿಡಿದು ಬಂದಳು.

"ಮರಕ್ಕೆಂಥಾ ಎಣ್ಣೆಸ್ನಾನ, ಅಮ್ಮಣ್ಣೀ?" ಎಂದಳು ದಾಸಿ ಪುಟ್ಟವ್ವ.

"ಹಬ್ಬದ ದಿನ ನನ್ನ ತಮ್ಮ ಒಣತಲೆಯಲ್ಲಿ ಇರಬೇಕೇನೇ?" ಎಂದು ಸಿಡುಕಿದ ಚೆನ್ನಾಜಿ, ಅಳುತ್ತಲೇ ನೆತ್ತಿಯಿಂದ ಹಿಮ್ಮಡಿಯವರೆಗೆ ತಿಕ್ಕಿದಳು. ಮರ ಕುಡಿದಷ್ಟೂ ಹಚ್ಚಿದಳು. ಬಿಳಿಚಿಕೊಂಡಿದ್ದ ಮರ ಕಂದುಬಣ್ಣಕ್ಕೆ ತಿರುಗಿತು.

ಅಷ್ಟರಲ್ಲಿ ಧೂಮಕೇಶಿ ಬಂದು ಮಳೆ ಸುರಿಸಿದ. ಕೆಸುವಿನ ಎಲೆಯ ಮೇಲಿನಂತೆ ಹನಿಗಳು ಉರುಳಿ ಜಾರಿದವು. ಮರ ಊದಲಿಲ್ಲ, ಬಿರಿಯಲಿಲ್ಲ.

ಗೆದ್ದಲಿನ ದಂಡು ಬಿಟ್ಟ. ಅವು ಪಾದದವರೆಗೆ ಬಂದವು, ಘಾಟು ತಾಗಿದ್ದೇ ತಡ ಹಿಂದಿರುಗಿದವು.

ಕೊನೆಗೆ ಕೆಂಪು ಅರಗು ಕಾಯಿಸಿ ಗೊಂಬೆಯ ಮುಖಕ್ಕೆ ಬಳಿದ. ತಮ್ಮನ ಕಣ್ಣು, ಮೂಗು, ಬಾಯಿ ಎಲ್ಲ ಮುಚ್ಚಿಹೋದವು. ಆದರೆ ಅರಗಿಗೆ ಒಣಮರ ಬೇಕು. ಎಣ್ಣೆ ಕುಡಿದ ಮರವನ್ನು ಅದು ಹಿಡಿಯಲೊಲ್ಲದು. ಆರುತ್ತಿದ್ದಂತೆ ಅಂಚಿನಲ್ಲಿ ಎದ್ದು, ಚಕ್ಕೆಚಕ್ಕೆಯಾಗಿ ಉದುರಿಹೋಯಿತು.

ಹೊತ್ತು ಮುಳುಗಿತು. ಧೂಮಕೇಶಿ ನಿಂತಲ್ಲೇ ಮರವಾದ. ಅವನಿಗೆ ಎಣ್ಣೆ ಒತ್ತುವವರು ಯಾರೂ ಇರಲಿಲ್ಲ. ಹಸಿದು ಹೊರಟಿದ್ದ ಗೆದ್ದಲುಗಳು ಅತ್ತ ತಿರುಗಿದವು.

"ಅಕ್ಕಾ, ಕಣ್ಣೆಲ್ಲ ಉರೀತಿದೆ. ಇಷ್ಟೊಂದು ಹಚ್ತಾರಾ?" ಎಂದಿತು ಹಿಂದಿನಿಂದ ಒಂದು ದನಿ.

ಚೆನ್ನಾಜಿ ತಿರುಗಿ ನೋಡಿದಳು. ತಮ್ಮನ ಬಿಸಿ ಕೈಯನ್ನು ಕೆನ್ನೆಗೊತ್ತಿಕೊಂಡು ಮನಸಾರೆ ಅತ್ತಳು. ಅದು ಸಮಾಧಾನದ ಅಳು. ಆಮೇಲೆ ಏಲಾವತಿಯವರೆಲ್ಲ ಸುಖವಾಗಿದ್ದರು. ಅಕ್ಕ ತಮ್ಮ ಮಾತ್ರ ದಿನಾ ಜಗಳವಾಡುತ್ತಿದ್ದರು, ಮನುಷ್ಯರಲ್ಲವೇ.